ನನ್ನ ಪಾಲಿನ ಪ್ರಾರ್ಥನೆ

೯ ಫೆಬ್ರವರಿ ೨೦೨೫, ಆದಿತ್ಯವಾರ

ನನಗೆ ನನ್ನ ಮೇಲೆಯೇ ಸಿಟ್ಟು. ವರ್ಷಗಟ್ಟಲೆ ವಿಶ್ವಭ್ರಾತೃತ್ವದ ಬಗ್ಗೆ ಮಾತಾಡಿದವಳಿಗೆ ಪ್ರಾರ್ಥನೆಯ ಒಂದು ಹಾಳೆ ಬಿಟ್ಟುಕೊಡಲು ಇಷ್ಟು ಸಂಕಟವೇ?

ಮೂಡುಬಿದಿರೆಯ ನಮ್ಮ ಥಿಯೋಸಾಫಿ ಕೂಟ ಶುರುವಾಗುವುದೇ ಎಲ್ಲ ಧರ್ಮಗಳ ಪ್ರಾರ್ಥನೆಯಿಂದ. ಒಬ್ಬೊಬ್ಬರು ಒಂದೊಂದನ್ನು ಹಾಳೆ ನೋಡಿ ಓದುತ್ತೇವೆ. ಮುಸ್ಲಿಮರದ್ದು ಮೊದಲಿನಿಂದಲೂ ನನ್ನ ಪಾಲಿನದು. ಕೂಟದಲ್ಲಿ ಮುಸ್ಲಿಮರು ಯಾರೂ ಇರಲಿಲ್ಲವಲ್ಲ. ಇವತ್ತು ಸಿದ್ಧಕಟ್ಟೆಯಿಂದ ಝುಲೇಖಾ ಬಂದರು, ಹೈಸ್ಕೂಲಿನ ವಿಜ್ಞಾನ ಟೀಚರ್. ಕೂಟ ನಡೆಸುವ ವೆಂಕಟೇಶ್ವರ ಮಾಸ್ಟ್ರಿಗೆ ಸಂಭ್ರಮವೋ ಸಂಭ್ರಮ. "ಇನ್ನು ನಿಮ್ಮದನ್ನು ನೀವೇ ಓದಬಹುದಲ್ಲ!" ಎಂದು ಅವರಿಗೆ ಹೇಳಿಬಿಟ್ಟರು, ನನ್ನ ಮುಖ ಸಹ ನೋಡದೆ. ನಾನು ನಗುತ್ತಾ ಎದ್ದು ಹಾಳೆ ಕೊಡಲು ಹೋದೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಝುಲೇಖಾ ಕೈ ಚಾಚಲಿಲ್ಲ. "ಬೇಡ ಅಕ್ಕ, ನೀವೇ ಓದಿ. ಮನೆಯಲ್ಲಿ ದಿನಾ ನಾನೇ ಹೇಳ್ತೇನೆ. ಬೇರೆಯವರ ಬಾಯಲ್ಲಿ ಒಮ್ಮೆ ಕೇಳ್ಬೇಕು ಅಂತ ಆಸೆ ಉಂಟು."

ಓದಿದೆ. ಬಾಯಿಪಾಠ ಬರುವ ಸಾಲುಗಳಲ್ಲೇ ತಡವರಿಸಿದೆ. ಅವರು ಎರಡೂ ಅಂಗೈ ಬಿಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದಾಗ ಮೆಲ್ಲಗೆ, ಹಾಗೇ ಆಗಲಿ ಎಂಬಂತೆ, "ಆಮೀನ್" ಎಂದರು.

ನಾನು ಹಾಗೆಯೇ ನಿಂತುಬಿಟ್ಟೆ. ಮಾಸ್ಟ್ರು ಮುಂದಿನವರನ್ನು ಕರೆದದ್ದೂ ಕೇಳಿಸಲಿಲ್ಲ.

ಇಷ್ಟು ವರ್ಷ ನಾನು ಓದಿ ಕುಳಿತ ಮೇಲೆ ಆ ಒಂದು ಮಾತಿನ ಜಾಗ ಖಾಲಿಯೇ ಇತ್ತು. ನಮಗೆ ಯಾರಿಗೂ ಅದು ಗೊತ್ತೇ ಆಗಿರಲಿಲ್ಲ.