ಎರಡನೇ ಸುತ್ತಿನ ಖಾಲಿ

ಲಿಂಗಸುಗೂರು
14 ಜನವರಿ 2025, ಮಂಗಳವಾರ

ಪ್ರೀತಿಯ ಶಾಹೀಸ್ತಾ,

ಸಲಾಂ. ನಿನ್ನ ನಿಖಾದ ಕಾರ್ಡನ್ನು ಅಮ್ಮಿ ಸಿಂಧನೂರಿನಿಂದ ಇಲ್ಲಿಗೆ ಕಳಿಸಿದ್ದಾಳೆ. ಪತ್ರದ ಮೇಲೆ ಲಿಂಗಸುಗೂರು ಎಂದು ನೋಡಿ ಈಗಾಗಲೇ ಹುಬ್ಬು ಏರಿಸಿರುತ್ತೀಯ. ಹೌದು, ಅದೇ ವಸತಿ ಶಾಲೆ, ಅದೇ ಸಂಗೀತ ಟೀಚರ್ ಕೆಲಸ. ನಿನಗೆ ಸಿಗದೆ ಹೋದದ್ದು ನನಗೆ ಸಿಕ್ಕಿದೆ. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ.

ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೀಯ: "ಅರ್ಜೂ, ನಂದು ಎಲ್ಲಿ ತಪ್ಪಾತು, ನೀನರ ಹೇಳ." ಕೇಳಿದ್ದೀಯಲ್ಲ, ಕೇಳಿಸಿಕೊ.

ನೀನು ಸಂದರ್ಶನಕ್ಕೆ ಆರಿಸಿಕೊಂಡ ಆ ವಾಲ್ಟ್ಸ್ ಒಳ್ಳೆಯದೇ. ನೂರೈವತ್ತು ವರ್ಷದ ಹಿಂದೆ ಯಾವಳೋ ಜರ್ಮನ್ ಹೆಂಗಸು ಜೋಡಿ ಕುಣಿತದ ಧಾಟಿಯಲ್ಲಿ ಬರೆದ ಪಿಯಾನೋ ತುಣುಕು. ಅವಳ ಹೆಸರು ನಮ್ಮ ಉಸ್ತಾದ್ ಮಸ್ತಾನಸಾಬರ ನಾಲಿಗೆಗೆ ಕೊನೆಗೂ ಹೊರಳಲಿಲ್ಲ, "ಮೇಡಂದು" ಎಂದೇ ಕರೆದರು. ಮೂರು ಮೂರು ಮಾತ್ರೆಯ ಸುತ್ತುಗಳು. ಪ್ರತಿ ಸುತ್ತಿನ ಮೊದಲ ಮಾತ್ರೆಗೆ ಎಡಗೈ ಕೆಳಗಿನ ಸ್ವರ ಒತ್ತಬೇಕು, ಬಲಗೈ ಮೇಲೆ ರಾಗ ಹಾಡಬೇಕು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತ ಮುದುಕರಾದ ಉಸ್ತಾದರಿಗೆ ಮೂರು ಎಂದರೆ ದಾದರಾ ತಾಳ. ಎರಡೆರಡು ಸುತ್ತು ಕೂಡಿಸಿ ಆರು ಮಾತ್ರೆ ಮಾಡಿಬಿಟ್ಟರು. ಧಾ ಧಿನ್ ನಾ, ಧಾ ತಿನ್ ನಾ. ಮೊದಲ ಸುತ್ತಿಗೆ ಪೆಟ್ಟು, ಎರಡನೆಯದಕ್ಕೆ ಖಾಲಿ, ಅಂದರೆ ಅಂಗೈಯನ್ನು ಗಾಳಿಗೆ ಬೀಸಿ ಬಿಡುವುದು. ಅಕ್ಕಿ ಮಿಲ್ಲಿನ ಹಿಂದಿನ ನಮ್ಮ ಪಾಠದ ಕೋಣೆ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ವಾಲ್ಟ್ಸನ್ನು ಹೀಗೆ ಕಲಿಸಿರಲಾರರು.

ನಾನು ಅದನ್ನು ಲೆಕ್ಕ ತಪ್ಪದೆ ನುಡಿಸಿದೆ. ನೀನು ಖಾಲಿಯನ್ನು ಕೇಳಿಸಿದೆ. ಉಸ್ತಾದರ ಅಗ್ಗದ ಕೀಬೋರ್ಡಿನಲ್ಲಿ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಬರುವ ಸದ್ದು ಒಂದೇ. ಹಾಗಿರುವಾಗ ಎರಡನೇ ಸುತ್ತನ್ನು ಹಗುರ ಮಾಡುವುದು ಹೇಗೆ? ನೀನು ಬೆರಳನ್ನು ಒಂದಿಷ್ಟು ಮೊದಲೇ ಎತ್ತಿಬಿಡುತ್ತಿದ್ದೆ. ಆ ಸಣ್ಣ ತೆರಪಿನಲ್ಲಿ, ಕುಣಿಯುವ ಹೆಂಗಸೊಬ್ಬಳು ಒಂದು ಹೆಜ್ಜೆ ಊರಿ ಇನ್ನೊಂದನ್ನು ಊರಲೋ ಬೇಡವೋ ಎಂದು ತಡೆದ ಹಾಗೆ ಕೇಳುತ್ತಿತ್ತು. ಯಾರಿಗೂ ಬೇಡವಾದ ಆ ವಾಲ್ಟ್ಸಿನಲ್ಲಿ ಎಂಥ ದುಃಖವಿದೆ ಎಂದು ನನಗೆ ತಿಳಿದದ್ದು ನೀನು ನುಡಿಸಿದಾಗಲೇ. ಉಸ್ತಾದರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಅರ್ಜುಮಂದ್, ನಿನ್ನ ಬೆರಳು ಚಲೋ ಓಡ್ತಾವ. ಆಕಿ ಕೈ ಮಾತಾಡ್ತದ ನೋಡು" ಎಂದರು. ನನಗೆ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದಿಲ್ಲ, ಆ ಉರಿ ಇನ್ನೂ ಆರಿಲ್ಲ. ಆರು ವರ್ಷ ದಿನಾಲೂ ಪಾಠಕ್ಕೆ ನಿನಗಿಂತ ಮೊದಲು ಬಂದು, ನಿನಗಿಂತ ತಡವಾಗಿ ಎದ್ದು ಹೋಗುತ್ತಿದ್ದವಳು ನಾನು. ನೀನು ಮುಕ್ಕುಂದದಿಂದ ಆಟೋ ಸಿಕ್ಕ ದಿನ ಬರುತ್ತಿದ್ದೆ, ಸಿಗದ ದಿನ ಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದೆ.

ಸಂದರ್ಶನಕ್ಕೆ ಹದಿನೈದು ದಿನ ಇದ್ದಾಗ ಉಸ್ತಾದರ ಪಿಯಾನೋ ಪುಸ್ತಕದಲ್ಲಿ ಆ ವಾಲ್ಟ್ಸಿನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಎರಡು ಜರ್ಮನ್ ಸಾಲನ್ನು ಫೋನಿನಲ್ಲಿ ಅನುವಾದ ಮಾಡಿಸಿ ಓದಿದೆ. ಬರೆದವಳೇ ಹೇಳಿದ್ದಾಳೆ: ಪ್ರತಿ ಎರಡನೇ ಸುತ್ತು ಮೊದಲನೆಯದರ ನೆರಳಿನಂತೆ ಬರಬೇಕು, ನೆಲ ಮುಟ್ಟಬಾರದು. ತಿಳಿಯಿತೇ? ಉಸ್ತಾದರು ತಿಳಿಯದೆ ಕಲಿಸಿದ್ದು ಸರಿಯಾಗಿತ್ತು. ನೀನು ನುಡಿಸುತ್ತಿದ್ದದ್ದು ಸರಿಯಾಗಿತ್ತು.

ಅದನ್ನು ಓದಿದ ದಿನವೇ ನಿನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದೆ, ನೆನಪಿದೆಯಲ್ಲ? "ದಾದರಾ ವಾಸನಿ ಬರ್ತದ, ಶಾಹೀಸ್ತಾ. ಪಿಯಾನೋ ಮುಂದ ಕುಂತು ಕವ್ವಾಲಿ ಬಾರಿಸ್ತಾಳ ಅಂತ ನಗ್ತಾರ." ನೀನು ನಂಬಿದೆ. ಹತ್ತು ದಿನ ನಿನ್ನ ಪಕ್ಕ ಕೂತು ಮರದ ಸ್ಕೇಲಿನಿಂದ ಮೇಜು ಕುಟ್ಟಿದೆ. ಪ್ರತಿ ಸುತ್ತಿಗೂ ಒಂದೇ ಪೆಟ್ಟು, ಒಂದೇ ಭಾರ. ಬೆರಳು ಮೊದಲೇ ಎದ್ದಾಗಲೆಲ್ಲ ಆ ಬೆರಳಿಗೇ ಸ್ಕೇಲು. ಹತ್ತನೇ ದಿನ ನಿನ್ನ ವಾಲ್ಟ್ಸು ಭತ್ತ ತುಂಬಿದ ಟ್ರ್ಯಾಕ್ಟರಿನಂತೆ ಒಂದೇ ಸಮನೆ ಹೋಗುತ್ತಿತ್ತು. ನೀನು ನನ್ನ ಕೈ ಹಿಡಿದು, "ನೀ ಇಲ್ಲಾಂದ್ರ ನಾ ಮರ್ಯಾದಿ ಕಳಕೊಂತಿದ್ದೆ" ಎಂದೆ. ನಾನು ನಕ್ಕೆ. ಅಷ್ಟು ಖುಷಿಯಿಂದ ನಾನು ಎಂದೂ ನಕ್ಕಿರಲಿಲ್ಲ.

ಆ ಕೆಲಸ ನಿನಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. "ಕೆಲಸ ಸಿಕ್ಕರ ಲಿಂಗಸುಗೂರಿಗೆ ಹೋಗು, ಯಾರೂ ತಡಿಯಂಗಿಲ್ಲ. ಸಿಗಲಿಲ್ಲಂದ್ರ ನಾ ಹೇಳಿದವಗ ಹ್ಞೂಂ ಅನ್ನಬೇಕು" ಎಂದು ನಿಮ್ಮ ಅಬ್ಬಾ ಬಾಬುಸಾಬ್ ನನ್ನ ಎದುರಿಗೇ ಹೇಳಿದ್ದರು. ನಿನಗೆ ಆಗಿಲ್ಲ ಎಂಬ ಸುದ್ದಿಯನ್ನು ಮುಕ್ಕುಂದಕ್ಕೆ ತಂದವಳೂ ನಾನೇ. ಜಾಗ ಖಾಲಿ ಇತ್ತು, ಶನಿವಾರ ನಾನು ಹೋಗಿ ನುಡಿಸಿದೆ. ಅದೇ ವಾಲ್ಟ್ಸು, ನಿನ್ನ ಹಾಗೆ, ಎರಡನೇ ಸುತ್ತಿನಲ್ಲಿ ಬೆರಳು ಎತ್ತಿ. ಮುಖ್ಯಶಿಕ್ಷಕಿ ಉಮಾದೇವಿ ಮೇಡಂ ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಅಲ್ಲ, ನಾನೇ ಕಂಡುಕೊಂಡದ್ದು ಎಂದೆ.

ಒಂದು ಸಮಾಧಾನ ಬೇಕಿದ್ದರೆ ತೆಗೆದುಕೊ. ಇಲ್ಲಿಯ ಪಿಯಾನೋ ಮೆಲ್ಲಗೆ ಒತ್ತಿದರೆ ಮೆಲ್ಲಗೇ ನುಡಿಯುತ್ತದೆ, ಆದರೂ ನನಗೆ ನಿನ್ನ ಖಾಲಿ ಬರುವುದಿಲ್ಲ. ಮನಸ್ಸಿನಲ್ಲಿ ಎಣಿಸಿ ಬೆರಳು ಎತ್ತುತ್ತೇನೆ. ಮಕ್ಕಳಿಗೆ ಗೊತ್ತಾಗುವುದಿಲ್ಲ, ಮೇಡಂಗೂ ಇನ್ನೂ ಗೊತ್ತಾಗಿಲ್ಲ. ನನಗೆ ಮಾತ್ರ ದಿನಾಲೂ ಗೊತ್ತಾಗುತ್ತದೆ.

ನಿಮ್ಮ ಅಬ್ಬಾ ನಿನಗೆ ನೋಡಿದ ಮಸ್ಕಿಯ ರಫೀಕ್ ಒಳ್ಳೆಯವನಂತೆ. ಟೈರ್ ಅಂಗಡಿ ಚೆನ್ನಾಗಿ ನಡೆಯುತ್ತದಂತೆ, ಮೊದಲ ಹೆಂಡತಿಯ ಎರಡು ಮಕ್ಕಳೂ ಗಲಾಟೆ ಮಾಡುವುದಿಲ್ಲವಂತೆ. ಮನೆಯಲ್ಲಿ ಕೀಬೋರ್ಡ್ ಇಡಲು ಜಾಗವಿಲ್ಲ ಎಂದನಂತಲ್ಲ, ಹಟ ಮಾಡಬೇಡ. ಭಾನುವಾರ ನಿನ್ನ ನಿಖಾಕ್ಕೆ ಬರಲು ಆಗುವುದಿಲ್ಲ. ಅಂದು ಶಾಲೆಯಲ್ಲಿ ಪಾಲಕರ ಸಭೆ ಇದೆ, ಆ ವಾಲ್ಟ್ಸ್ ನುಡಿಸಬೇಕೆಂದು ಮೇಡಂ ಹೇಳಿದ್ದಾರೆ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ನಿನ್ನದು ಎಲ್ಲಿಯೂ ತಪ್ಪಿರಲಿಲ್ಲ, ನನ್ನ ಮಾತು ಕೇಳಿದ್ದೊಂದು ಬಿಟ್ಟು.

ಹದಿಮೂರು ವರ್ಷದಿಂದ ನಿನ್ನ ಗೆಳತಿ,
ಅರ್ಜುಮಂದ್

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಾನು ಆ ಕೆಲಸಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ನಿನ್ನ ಅರ್ಜಿ ತುಂಬಿದವಳು ನಾನು. ಅಬ್ಬಾನ ಫೋನ್ ಬೇಡವೆಂದು ನೀನೇ ಅದರಲ್ಲಿ ನನ್ನ ನಂಬರ್ ಬರೆಸಿದ್ದೆ. ನೀನು ನುಡಿಸಿ ಬಂದ ಸಂಜೆಯೇ ಉಮಾದೇವಿ ಮೇಡಂ ಫೋನ್ ಮಾಡಿದ್ದರು. "ಆ ಹುಡುಗಿ ಮೊದಲಿಗೆ ನಾಕು ಸುತ್ತು ಬ್ಯಾರೇನೇ ನುಡಿಸಿದ್ಲು. ಆಮ್ಯಾಲ ತಪ್ಪಾತ್ರೀ ಅಂದು ನಿಲ್ಲಿಸಿ, ಮತ್ತ ಎಲ್ಲಾರಂಗ ಶುರು ಮಾಡಿದ್ಲು. ನಮಗ ಆ ಮೊದಲಿನ ನಾಕು ಸುತ್ತೇ ಬೇಕು. ಶನಿವಾರ ಬಂದು ಹಂಗೇ ನುಡಿಸಲಿ, ಕೆಲಸ ಆಕೀಗೇ" ಎಂದರು. ನಾನು, "ಆಕಿ ಮದುವಿ ಗೊತ್ತಾಗ್ಯಾದ್ರೀ ಮೇಡಂ, ಬರಂಗಿಲ್ಲ. ನಾ ಬರ್ಲೇನ್ರೀ?" ಎಂದೆ. ಆ ಸಂಜೆ ನಿನಗೆ ಯಾವ ಗಂಡೂ ಗೊತ್ತಾಗಿರಲಿಲ್ಲ.