ಬೀಜದಂಗಡಿಯ ಕಂದು ಲಕೋಟೆಗಳು

ಓಕ್‌ಲ್ಯಾಂಡ್
ಅಕ್ಟೋಬರ್ 9, 1994, ಭಾನುವಾರ

ಕವಿಕುಲದ ಕಿರೀಟ, ಸಂಪಾದಕರ ಸಂಪಾದಕ, ಶ್ರೀಮಾನ್ ಆಲ್ಡೆನ್ ಪ್ರೂಯಿಟ್ ಅವರ ಸನ್ನಿಧಾನಕ್ಕೆ,

ಬಿರುದು ಇಷ್ಟು ಸಾಕೋ, ಇನ್ನೆರಡು ಸೇರಿಸಲೋ? ನಿನಗೆ ಒಂದು ಸಾಲು ಬರೆಯದೆ ಒಂಬತ್ತು ವರ್ಷವಾಯಿತು. ಹತ್ತನೆಯದನ್ನೂ ಹಾಗೇ ಕಳೆಯಬೇಕೆಂದಿದ್ದೆ. ಆದರೆ ನಿನ್ನ ಜೀವನಚರಿತ್ರೆ ಬರೆಯುತ್ತಿರುವ ಪ್ರಿಸಿಲಾ ಎಂಗ್ ಮೊನ್ನೆ ಮಂಗಳವಾರ ಬಂದು, ನಾನೂರು ಪುಟದ ಕಟ್ಟನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಹೋಗಿದ್ದಾಳೆ. ಇನ್ನೂರ ಹನ್ನೊಂದನೆಯ ಪುಟದ ವಿಷಯದಲ್ಲಿ ಪ್ರಕಾಶಕರ ವಕೀಲರಿಗೆ ಅಳುಕಂತೆ. ಅಲ್ಲಿ ಬರೆದಿರುವುದು ನಿಜವೆಂದು ನಾನು ಸಹಿ ಹಾಕಬೇಕಂತೆ. "ಆಗ ಆ ಮನೇಲಿದ್ದೋರಲ್ಲಿ ನೀವಿಬ್ರೇ ಸರ್ ಉಳ್ದಿರೋದು. ಅವರ ಮಾತು ಅವರು ಹೇಳಿದಾರೆ. ಬರೋ ಶುಕ್ರವಾರದೊಳಗೆ ನೀವೊಂದು ಸಹಿ ಹಾಕ್ಬಿಡಿ, ಪುಸ್ತಕ ಅಚ್ಚಿಗೆ ಹೋಗುತ್ತೆ" ಅಂದಳು. ಒಳ್ಳೆಯ ಹುಡುಗಿ. ಪಾಪ, ನಿನ್ನನ್ನು ನಂಬಿದ್ದಾಳೆ.

ಪೂರ್ತಿ ಓದಿದೆ. ಮೂರು ಸಲ ಎದ್ದು ಕಾಫಿ ಮಾಡಿಕೊಳ್ಳಬೇಕಾಯಿತು, ಅಷ್ಟು ನಿದ್ದೆ. ಅರ್ಕನ್ಸಾದ ಪಾದ್ರಿಯ ಮಗ, ಹನ್ನೆರಡನೇ ವಯಸ್ಸಿನಲ್ಲಿ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಪ್ರಾರ್ಥನೆ ಪುಸ್ತಕದ ಅಂಚಿನಲ್ಲಿ ಮೊದಲ ಕವನ ಬರೆದನಂತೆ! ನನಗೆ ಹೇಳುವಾಗ ನೀನು ಅದನ್ನು ಬರೆದದ್ದು ಸೈನ್ಯದ ಪಾಯಿಖಾನೆಯಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ. ಪಾಯಿಖಾನೆಗೆ ಚರ್ಚಾಗಿ ಬಡ್ತಿ ಸಿಕ್ಕಿದ್ದು ಯಾವಾಗ, ಆಲ್ಡೆನ್? ಅರವತ್ತೊಂದು ತುಂಬಿದ್ದಕ್ಕೋ, ನ್ಯೂಯಾರ್ಕಿನವರು ಕೊರಳಿಗೆ ಪದಕ ಹಾಕುತ್ತಾರೆ ಅಂದದ್ದಕ್ಕೋ?

ನಿನ್ನ ಹಸಿರು ಪೆನ್ಸಿಲಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾಳೆ. ಯಾರ ಕವನ ಬಂದರೂ ನೀನು ಮೊದಲು ಮಾಡುತ್ತಿದ್ದ ಕೆಲಸ ಕೊನೆಯ ಸಾಲು ಹೊಡೆದುಹಾಕುವುದು. "ಕೊನೇ ಸಾಲು ಅಂದ್ರೆ ಹೋಗ್ತೀನಿ ಹೋಗ್ತೀನಿ ಅಂತ ಬಾಗಿಲಲ್ಲೇ ನಿಂತ್ಕೊಂಡು ಮಾತಾಡೋ ನೆಂಟ ಕಣೋ" ಅನ್ನುತ್ತಿದ್ದೆ. ಹುಡುಗಿ ಇದನ್ನು ಮಹಾ ಕಾವ್ಯತತ್ವ ಅಂದುಕೊಂಡಿದ್ದಾಳೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ನಿನ್ನ ಸ್ವಂತ ಕವನಗಳ ಒಂದೇ ಒಂದು ಕೊನೆ ಸಾಲೂ ಆ ಪೆನ್ಸಿಲನ್ನು ಕಂಡಿರಲಿಲ್ಲ.

ನಮ್ಮ ಪತ್ರಿಕೆ 'ಹಿತ್ತಿಲ ಬಾಗಿಲು' ಬಗ್ಗೆ ಬರೆದದ್ದು ಮಾತ್ರ ಮುಕ್ಕಾಲು ಪಾಲು ಸರಿ. ಭಾನುವಾರದ ಮಧ್ಯಾಹ್ನಗಳು ಸರಿ. ಊಟದ ಮೇಜಿನ ಸುತ್ತ ಹಾಳೆಗಳ ರಾಶಿ ಇಟ್ಟು, ಸ್ನೇಹಿತರೆಲ್ಲ ಒಬ್ಬರ ಹಿಂದೊಬ್ಬರು ಸುತ್ತು ಹಾಕುತ್ತಾ ಒಂದೊಂದು ಹಾಳೆ ಎತ್ತಿಕೊಂಡು, ಮಡಚಿ, ಪಿನ್ನು ಹೊಡೆದು, ಲಕೋಟೆಗೆ ಹಾಕುತ್ತಿದ್ದದ್ದು ಸರಿ. ಕಂದು ಲಕೋಟೆ. ಅದರ ಮೂಲೆಯಲ್ಲಿ ಪತ್ರಿಕೆಯ ಹೆಸರಿಲ್ಲ, ನನ್ನ ಮನೆತನದ ಹೆಸರಲ್ಲಿ 'ಮೊರಾಸ್ಕಿ ಬೀಜದಂಗಡಿ' ಎಂಬ ಸುಳ್ಳು ಮೊಹರು. ಸಣ್ಣ ಊರುಗಳಲ್ಲಿ, ಗಂಡಸರನ್ನೇ ಪ್ರೀತಿಸುವ ನಮ್ಮವರ ಹೆಸರು ಕೆಡಬಾರದೆಂದು ನಾನು ಕೆತ್ತಿದ ಮೊಹರು. ಕೆಳಮನೆಯ ಮಿಸೆಸ್ ಕಸ್ಟಾನ್ಯ ಗೋಂದು ಹಚ್ಚಲು ಬರುತ್ತಿದ್ದಳು. "ಏನ್ರಪ್ಪಾ, ಈ ಸಲ ಯಾವ ಬೀಜ? ಕಳೆದ ಸಲದ್ದು ನಮ್ಮನೇಲಿ ಮೊಳಕೇನೇ ಒಡೀಲಿಲ್ಲ, ನನ್ ಗಂಡ ಹಂಗೇ ಗೊರಕೆ ಹೊಡೀತಾನೆ" ಅನ್ನುತ್ತಿದ್ದಳು. ಐಯೋವಾ, ಕಾನ್ಸಾಸ್, ಡಕೋಟಾದಿಂದ ಕಾಗದ ಬರುತ್ತಿತ್ತು: ಬೀಜ ತಲುಪಿತು, ಬದುಕಿದೆ.

ಅಷ್ಟಕ್ಕೇ ನಿನಗೆ ಸಮಾಧಾನವಾಗಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಎಪ್ಪತ್ತೆಂಟರಲ್ಲಿ ಯಾವುದೋ ವಿಶ್ವವಿದ್ಯಾಲಯ ನಿನ್ನನ್ನು ಭಾಷಣಕ್ಕೆ ಕರೆದದ್ದೇ ತಡ, ಬಿಳಿ ಲಕೋಟೆ ಬೇಕೆಂದೆ. ಕೆಂಪಕ್ಷರದಲ್ಲಿ ಪತ್ರಿಕೆಯ ಹೆಸರು, ಕೆಳಗೆ ತಬ್ಬಿಕೊಂಡ ಇಬ್ಬರು ಬೆತ್ತಲೆ ಗಂಡಸರು, ಅದರ ಕೆಳಗೆ 'ಸಂಪಾದಕ: ಆಲ್ಡೆನ್ ಪ್ರೂಯಿಟ್'. ದೊಡ್ಡ ಊರಿನ ಪುಸ್ತಕದಂಗಡಿಗಳಿಗೆ ಮಾತ್ರ ಅಂದೆ. ಅಚ್ಚು ಹಾಕಿದವನು ನಾನೇ. ನಿನ್ನ ಹೆಸರು ಗಂಡಸರ ಮೊಣಕಾಲಿಗಿಂತ ದಪ್ಪ ಇರಬೇಕೆಂದು ನೀನು ಅಂದದ್ದಕ್ಕೆ ಎರಡು ಸಲ ಮೊಳೆ ಬದಲಾಯಿಸಿದೆ.

ಅದೇ ವರ್ಷದ ವಸಂತದ ಸಂಚಿಕೆಯಲ್ಲಿ ವರ್ನ್ ಸ್ಟಾಲ್ಕಪ್‌ನ ಐದು ಕವನ ಬಂದವು. ನೆಬ್ರಾಸ್ಕಾದ ಒಂದು ಶಾಲೆಯಲ್ಲಿ ಬ್ಯಾಂಡ್ ಕಲಿಸುತ್ತಿದ್ದ ಮೇಷ್ಟ್ರು, ಯಾರೂ ಹೆಸರು ಕೇಳದವನು. ನೀನು ಅವನ್ನು ತಿಂಡಿಗೆ ಮುಂಚೆ ಓದಿದೆ, ಊಟಕ್ಕೆ ಮುಂಚೆ ಓದಿದೆ, ನಾನು ಗಡ್ಡ ಹೆರೆಯುವಾಗ ಬಚ್ಚಲ ಬಾಗಿಲಲ್ಲಿ ನಿಂತು ಓದಿದೆ. "ಇವನ ಕೊನೇ ಸಾಲು ಮುಟ್ಟೋ ಹಂಗಿಲ್ಲ ಗಿಲ್, ಕೈ ನಡುಗುತ್ತೆ" ಅಂದೆ. ಹದಿನಾಲ್ಕು ವರ್ಷ ನಿನ್ನ ಜೊತೆ ಬಾಳಿದ ನನಗಾಗಿ ನಿನ್ನ ಕೈ ಒಂದು ಸಲವೂ ನಡುಗಿದ್ದು ನನಗೆ ನೆನಪಿಲ್ಲ.

ವರ್ನ್‌ನ ಪ್ರತಿ ಹೋದದ್ದು ಬಿಳಿ ಲಕೋಟೆಯಲ್ಲಿ. ಅವನೂರಿನ ಅಂಚೆಯಮ್ಮ ಅದನ್ನು ಎರಡು ದಿನ ಅಂಚೆ ಕಚೇರಿಯ ಕೌಂಟರಿನ ಮೇಲೇ ಇಟ್ಟಿದ್ದಳು, ಬಂದವರೆಲ್ಲ ನೋಡಲಿ ಅಂತ. ಮೂರನೇ ದಿನ ಅವನನ್ನು ಶಾಲೆಯಿಂದ ತೆಗೆದರು. ಅವನ ತಾಯಿ ಬಾಗಿಲು ತೆರೆಯಲಿಲ್ಲ. ಜೂನ್‌ನಲ್ಲಿ ಅವನು ಬಸ್ಸಿಳಿದು ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತ, ಒಂದು ಕೈಯಲ್ಲಿ ಕ್ಲಾರಿನೆಟ್ ಪೆಟ್ಟಿಗೆ, ಇನ್ನೊಂದರಲ್ಲಿ ಆ ಲಕೋಟೆ. "ಇದನ್ನ ಕಳ್ಸಿದ ಪುಣ್ಯಾತ್ಮ ಯಾರು?" ಅಂತ ಕೇಳಿದ. ನೀನು ನನ್ನ ಕಡೆ ನೋಡಲಿಲ್ಲ. "ನಾನು" ಅಂತ ನೀನೇ ಅಂದೆ.

ಎಂಥ ನಾಟಕ! ಹುತಾತ್ಮನ ವೇಷ ನಿನಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ. ಹಿಂದಿನ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟೆ. ಆರೂವರೆ ವರ್ಷ ಅವನು ದಿನಾ ಬೆಳಗ್ಗೆ ನಿನಗೆ ಉಗಿದ. "ಬೆಣ್ಣೆ ಇತ್ತ ದಾಟ್ಸು ಗಿಲ್, ಆ ಲಕೋಟೆ ಮಹಾರಾಜನ ಕೈಯಿಂದ ನಂಗೇನೂ ಬೇಡ" ಅನ್ನುತ್ತಿದ್ದ. ನೀನು ತಲೆ ತಗ್ಗಿಸಿ ಬ್ರೆಡ್ಡು ಕತ್ತರಿಸುತ್ತಿದ್ದೆ. ನಾನು ಬೆಣ್ಣೆ ದಾಟಿಸುತ್ತಿದ್ದೆ. ಅವನು ನನ್ನನ್ನು ನೋಡಿ ನಗುತ್ತಿದ್ದ. ಆ ಮನೆಯಲ್ಲಿ ಅವನಿಗೆ ಇದ್ದ ಒಬ್ಬನೇ ಸ್ನೇಹಿತ ನಾನಂತೆ. ಪುಸ್ತಕದಲ್ಲಿ ಅದೂ ಇದೆ.

ಎಂಬತ್ತೈದರ ಫೆಬ್ರವರಿಯಲ್ಲಿ ಅವನಿಗೆ ಏಡ್ಸ್ ಕಾಯಿಲೆ ಅಂತ ಗೊತ್ತಾದ ವಾರವೇ ನಾನು ಮನೆ ಬಿಟ್ಟೆ. ಕಾಯಿಲೆಗೆ ಹೆದರಿ ಓಡಿದೆ ಅಂತ ಎಲ್ಲರೂ ಅಂದರು. ನಿನ್ನ ಜಂಭ ಸಹಿಸಲಾಗಲಿಲ್ಲ ಅಂತ ನಾನು ಹೇಳಿಕೊಂಡು ತಿರುಗಿದೆ. ನೀನು ಅವನ ಹಾಸಿಗೆ ಒಗೆದೆ, ಸೂಪು ಕುಡಿಸಿದೆ, ಕೊನೆಗೆ ನವೆಂಬರಿನಲ್ಲಿ ಅವನು ಸತ್ತಾಗ ಅವನ ಕಣ್ಣನ್ನೂ ನೀನೇ ಮುಚ್ಚಿದೆ. ಅವನ ಕವನಗಳನ್ನು ಪುಸ್ತಕ ಮಾಡಿದೆ, ಒಂದು ಸಾಲೂ ಹೊಡೆಯದೆ. ಒಳ್ಳೆಯತನವನ್ನು ಹೀಗೆ ಮೆರೆಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ಇನ್ನೂರ ಹನ್ನೊಂದನೆಯ ಪುಟಕ್ಕೆ ಬರುತ್ತೇನೆ. ನಿನ್ನ ಮಾತೆಂದು ಅವಳು ಬರೆದದ್ದು ಹೀಗಿದೆ: "ಆ ಲಕೋಟೆ ಕಳಿಸಿದವನು ನಾನು. ನನ್ನ ಹೆಸರು ನೋಡಿಕೊಳ್ಳುವ ಆಸೆಗೆ ಒಬ್ಬ ಮನುಷ್ಯನ ಊರನ್ನೇ ಕಿತ್ತುಕೊಂಡೆ." ಶುದ್ಧ ಸುಳ್ಳು. ವಿಳಾಸ ನನ್ನ ಕೈಬರಹದಲ್ಲಿತ್ತು, ಅದು ನಿನಗೆ ಆವತ್ತೇ ಗೊತ್ತಿತ್ತು. ಮೇಷ್ಟ್ರಾದ ವರ್ನ್‌ಗೆ ನಮ್ಮಿಬ್ಬರ ಅಕ್ಷರ ಗುರುತಿಸಲು ಬರಲಿಲ್ಲವೇ ಅಂತ ನಾನು ಎಷ್ಟೋ ಸಲ ಬೆವರಿದ್ದೇನೆ. ಹಾಗೆಂದು ನನ್ನದೇ ತಪ್ಪು ಅನ್ನುವ ಹಾಗೂ ಇಲ್ಲ. ಆ ಭಾನುವಾರ ಕಂದು ಲಕೋಟೆ ಮುಗಿದುಹೋಗಿದ್ದವು. ಕೈಗೆ ಸಿಕ್ಕಿದ್ದು ನಿನ್ನ ಜಂಭದ ಬಿಳಿ ಲಕೋಟೆ, ಅದಕ್ಕೇ ಹಾಕಿದೆ. ಕೊಡಲಿ ಮಾಡಿಸಿ ಮನೆಯಲ್ಲಿಟ್ಟವನು ನೀನು. ಇದನ್ನು ನಿನಗೆ ಆಗಲೇ ಹೇಳಿದ್ದೆ, ನೀನು ನಂಬಿದೆ. "ಆಯ್ತು ಬಿಡೋ, ಆಕಸ್ಮಿಕ. ಇಬ್ರನ್ನ ದ್ವೇಷಿಸ್ಕೊಂಡು ಅವನು ಈ ಮನೇಲಿ ಇರೋಕಾಗಲ್ಲ. ಒಬ್ಬನಾದ್ರೆ ಹೆಂಗೋ ಇರ್ತಾನೆ" ಅಂದೆ. ಆ ಮಾತಿಗಾಗಿ ನಾನು ನಿನ್ನನ್ನು ಇವತ್ತಿನವರೆಗೂ ಕ್ಷಮಿಸಿಲ್ಲ.

ಸಹಿ ಹಾಕುವುದಿಲ್ಲ. ಸತ್ತ ಮೇಲೂ ದೊಡ್ಡವನಾಗಿ ಉಳಿಯುವ ನಿನ್ನ ಹುನ್ನಾರಕ್ಕೆ ನಾನು ಸಾಕ್ಷಿಯಲ್ಲ. ಪದಕಕ್ಕೆ ಹೋಗುವಾಗ ಆ ನೀಲಿ ಕೋಟು ಹಾಕಬೇಡ, ಹೊಟ್ಟೆ ಕಾಣುತ್ತದೆ. ಕೆಮ್ಮಿಗೆ ಸಿಗರೇಟು ಬಿಟ್ಟಿರುವೆಯಂತೆ, ಪ್ರಿಸಿಲಾ ಹೇಳಿದಳು. ಮೊದಲೇ ಬಿಡಬೇಕಿತ್ತು.

ಇಂತಿ,
ನಿನ್ನ ಹೆಸರನ್ನು ಬೇಕಾದಷ್ಟು ದಪ್ಪಗೆ ಅಚ್ಚು ಹಾಕಿದ
ಗಿಲ್ ಮೊರಾಸ್ಕಿ

ಮತ್ತೆ: ಇದು ಸಹಿಯ ಕೆಳಗಿದೆ, ನಿನ್ನ ಹಸಿರು ಪೆನ್ಸಿಲು ಇಲ್ಲಿಯವರೆಗೆ ಬರಲಾರದು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಒರೆಸಿಕೊಂಡು ಸುಮ್ಮನಿದ್ದ ಮೇಕೆಯನ್ನು ನಾನು ಹದಿನಾರು ವರ್ಷ ಬೈದೆ. ಆವತ್ತು ಕಂದು ಲಕೋಟೆ ಮುಗಿದಿರಲಿಲ್ಲ, ಆಲ್ಡೆನ್. ಹನ್ನೊಂದು ಉಳಿದಿದ್ದವು. ನನ್ನ ಮಡಿಲಿನಲ್ಲೇ ಇದ್ದವು. ಇನ್ನೂರ ಹನ್ನೊಂದನೆಯ ಪುಟದ ಅಂಚಿನಲ್ಲಿ ಇಷ್ಟನ್ನೂ ಬರೆದು ನಿನ್ನೆಯೇ ಪ್ರಿಸಿಲಾಗೆ ಅಂಚೆಗೆ ಹಾಕಿದ್ದೇನೆ. ಅದರ ಕೆಳಗೆ ಸಹಿ ಮಾಡಿದ್ದೇನೆ. ಆ ಹನ್ನೊಂದರಲ್ಲಿ ಒಂದರೊಳಗೇ ಈ ಕಾಗದವನ್ನು ನಿನಗೆ ಕಳಿಸುತ್ತಿದ್ದೇನೆ.