ಪೂಜಿತಾ ತಿದ್ದಿದ ನಕ್ಷೆ

ಸಂಡೂರು ಸೀಮೆಯಿಂದ, 12-2-2007

ಅಕ್ಕನಿಗೆ ನಮಸ್ಕಾರ.

ಕಂಪ್ಲಿಯ ಗದ್ದೆ ಕಂಡ ಕಣ್ಣಿಗೆ ಇದು ಬೇರೆಯೇ ದೇಶ. ಅದಿರಿನ ಲಾರಿಗಳ ಧೂಳಿಗೆ ಎಮ್ಮೆಗಳೂ ಕೆಂಪಾಗಿವೆ. ನಮ್ಮ ಹೊಳೆಗೆ ಡ್ಯಾಮು ಕಟ್ಟಿ ಐವತ್ತು ವರ್ಷವಾದರೂ ಈ ಹಳ್ಳಿಯ ಹೊಲಿಗೆ ತರಬೇತಿ ಕೇಂದ್ರಕ್ಕೆ ಹಗಲು ಕರೆಂಟಿಲ್ಲ.

ಇವತ್ತು ನಿನ್ನ ಮೊಮ್ಮಗಳು ಪೂಜಿತಾ ತನ್ನ ಎಂಜಿನಿಯರಿಂಗ್ ಕಾಲೇಜಿನವರ ಜೊತೆ ಆ ಕೇಂದ್ರಕ್ಕೆ ಮಾಡಿದ ಸೋಲಾರ್ ನಕ್ಷೆ ತೋರಿಸಿದಳು. ಅಲ್ಲಿ ಹೊಲಿಗೆ ಕಲಿಯುವ ಊರಮ್ಮ ಎಂಬ ಹೆಂಗಸು, "ಬಿಸಿಲಿನ ಲೆಕ್ಕ ಹಾಕೀರಿ, ಧೂಳಿಂದು ಹಾಕಿಲ್ಲಲ್ರಿ. ಗಾಜಿನ ಮ್ಯಾಲೆ ಕೆಂಪು ಕುಂತ್ರ ಮಷೀನು ಹೆಂಗ ಓಡ್ತಾವ? ದಿನಾ ಮಾಳಗಿ ಹತ್ತಿ ಒರಸಾಕ ನೀವು ಬರ್ತೀರೇನು?" ಎಂದಳು. ಎಲ್ಲರೂ ನಕ್ಕರು. ಜೊತೆಯ ಹುಡುಗರು ತಲೆ ತಗ್ಗಿಸಿದರು.

ಪೂಜಿತಾ ಮಾತ್ರ, "ಖರೇ ಅಕ್ಕ, ನಾನ ಮರ್ತೆ" ಎಂದು ಒಪ್ಪಿಕೊಂಡು ಅಲ್ಲೇ ನಕ್ಷೆ ತಿದ್ದಿದಳು. ಸೋಲಾರ್ ಹಲಗೆಗಳು ಮಾಳಿಗೆಯಿಂದ ಅಂಗಳಕ್ಕೆ, ಕೈಗೆಟಕುವ ಎತ್ತರಕ್ಕೆ ಇಳಿದವು.

"ಹಂಗಾದ್ರ ಮುಂಜಾನೆ ಅಂಗಳಕ್ಕ ನೀರು ಹಾಕೂವಾಗ ಇವುಕ್ಕೂ ಎರಡು ಚೊಂಬು ಹಾಕ್ತೀವಿ ಬಿಡ್ರಿ," ಎಂದಳು ಊರಮ್ಮ.

ನನಗೆ ಸ್ವಲ್ಪ ಕೆಮ್ಮು, ಮಾತ್ರೆ ಇದೆ. ಡ್ಯಾಮಿನ ಕಾಲದಿಂದ ಎಂಜಿನಿಯರುಗಳನ್ನು ನೋಡುತ್ತ ಬಂದಿದ್ದೇನೆ. ಊರವರ ಮುಂದೆ ತಪ್ಪು ಒಪ್ಪಿಕೊಂಡವರನ್ನು ಇವತ್ತೇ ಕಂಡದ್ದು. ಅದೂ ನಮ್ಮ ಮನೆಯವಳು.

ಬಸ್ಸು ಬಂತು.

ನಿನ್ನ ತಮ್ಮ,
ಸಿದ್ದಲಿಂಗೇಶ